ಖಾಲಿ ತೋಟೆಯ ಲೆಕ್ಕ

ಈಗ ಪಡೆಗೆ ಸೇರುವ ಹುಡುಗರಲ್ಲಿ ಕೆಲವರು ರಿವಾಲ್ವರ್ ಸ್ಪರ್ಧೆಯ ಬಗ್ಗೆ ಕೇಳಲು ನನ್ನ ಮನೆಗೆ ಬರುತ್ತಾರೆ. ಯಾವ ಎಣ್ಣೆ ಒಳ್ಳೆಯದು, ಸ್ಪ್ರಿಂಗನ್ನು ಎಷ್ಟು ತೆಳ್ಳಗೆ ಮಾಡಬಹುದು, ಹೋಲ್ಸ್ಟರಿನ ಬಾಯಿ ಎಷ್ಟು ಅಗಲ ಇರಬೇಕು ಎಂದು ಕೇಳುತ್ತಾರೆ. ಹೇಳುತ್ತೇನೆ. ಒಂದು ಮಧ್ಯಾಹ್ನದಲ್ಲಿ ಹೇಳಿ ಮುಗಿಯುವ ವಿದ್ಯೆ ಅದು. ಹೇಳಲು ಕಷ್ಟವಾದದ್ದು ಬೇರೆಯೇ ಇದೆ. ಚಹಾ ಕುಡಿದು ಎದ್ದು ಹೋಗುವವರ ಮುಂದೆ ಅದಕ್ಕೆ ಬಾಯಿ ಬರುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಾನಿದ್ದ ಪಡೆಯ ಹೆಸರನ್ನಾಗಲಿ, ಸಾಹೇಬರುಗಳ ಹೆಸರನ್ನಾಗಲಿ ಬರೆಯುವುದಿಲ್ಲ. ಸಮವಸ್ತ್ರದ ಪಡೆ, ಉಡುಪಿಯಲ್ಲಿ ಅದರ ಶಸ್ತ್ರಾಗಾರ, ಅಲ್ಲಿ ಕೋವಿ ಮತ್ತು ರಿವಾಲ್ವರುಗಳನ್ನು ರಿಪೇರಿ ಮಾಡುವ ಆರ್ಮರರ್ ನಾನು, ಇಷ್ಟು ಸಾಕು. ಯಾವ ವರ್ಷ ತೋಳಿಗೆ ಯಾವ ಪಟ್ಟಿ ಬಂತು ಎಂಬುದು ಯಾರಿಗೂ ಬೇಡದ ವಿಷಯ. ಹುಡುಗನಾಗಿದ್ದಾಗ ನನಗೆ ದಿನಚರಿ ಬರೆಯುವ ಹುಚ್ಚಿತ್ತು. ಯಾವ ರಿವಾಲ್ವರ್ ಆ ದಿನ ಎಷ್ಟು ಗುಂಡು ಹಾರಿಸಿತು, ಎಷ್ಟು ಹುಸಿಯಾಯಿತು, ಅದು ಯಾರ ಕೈಯಲ್ಲಿತ್ತು ಎಂಬುದನ್ನೆಲ್ಲ ಗೀಟು ಎಳೆದು ಬರೆದಿಡುತ್ತಿದ್ದೆ. "ಭೋಜಣ್ಣ ತಿಂದ ಇಡ್ಲಿಗೂ ಗೀಟು ಹಾಕ್ತಾನೆ ಮಾರಾಯ" ಎಂದು ಜೊತೆಯವರು ನಗುತ್ತಿದ್ದರು. ಹಾಕಿದ್ದೂ ನಿಜವೇ. ಕೆಳಗಿನ ಮಾತುಗಳಲ್ಲಿ ಹೆಚ್ಚಿನವು ಆ ಪುಟಗಳಿಂದ ಬಂದವು.

ನಾನು ಸೇರಿದ್ದು ಐವತ್ತರ ದಶಕದ ಆರಂಭದಲ್ಲಿ. ಆಗ ಮಣಿಪಾಲ ಬೋಳು ಗುಡ್ಡ. ಅದರ ಒಂದು ಮಗ್ಗುಲಲ್ಲಿ ಮಣ್ಣಿನ ದಿಬ್ಬ ಏರಿಸಿ ನಾವು ಗುಂಡು ಹೊಡೆಯುತ್ತಿದ್ದೆವು. ರಿವಾಲ್ವರ್ ಅಭ್ಯಾಸ ಎಂದರೆ ಆಗ ಒಂದು ಬಗೆಯ ಭಂಗಿ. ಎಡಗೈ ಸೊಂಟದ ಹಿಂದೆ, ಬಲಗೈ ನೇರವಾಗಿ ಮುಂದೆ, ಎದೆ ಉಬ್ಬಿಸಿ, ಉಸಿರು ಹಿಡಿದು, ದುಂಡಗಿನ ಗುರಿಹಲಗೆಗೆ ಒಂದೊಂದೇ ಗುಂಡು. ಫೋಟೋ ತೆಗೆಸಿಕೊಳ್ಳಲು ಬಹಳ ಒಳ್ಳೆಯದು. ಕಳ್ಳ ಎದುರು ಬಂದರೆ ಅವನೂ ಹಾಗೆಯೇ ದುಂಡಗೆ ನಿಂತಿರಬೇಕು, ಅಷ್ಟೆ. ಆಮೇಲೆ ಗುಡ್ಡದ ಮೇಲೆ ಕಾಲೇಜು ಬಂತು, ಆಸ್ಪತ್ರೆ ಬಂತು, ನಮ್ಮ ಸದ್ದಿನ ಮೇಲೆ ದೂರು ಬಂತು. ನಮ್ಮನ್ನು ಹಿರಿಯಡ್ಕದ ಹತ್ತಿರದ ಕೆಂಪುಕಲ್ಲು ಕಡಿದು ಬಿಟ್ಟ ಒಂದು ಹಳೆಯ ಕೋರೆಗೆ ಅಟ್ಟಿದರು. ಮಳೆಗಾಲ ಪೂರ್ತಿ ಅಲ್ಲಿ ಎದೆಮಟ್ಟ ನೀರು. ನೀರು ಇಂಗಿದ ಮೇಲೆ ನೆಲ ತುಂಬ ಕಲ್ಲಿನ ಚೂರು, ಬಿರುಕು, ಸಂದು. ಈ ಬಿರುಕುಗಳ ವಿಷಯ ಮುಂದೆ ಬರುತ್ತದೆ.

ನಮ್ಮ ತಂಡ ಮೊದಲ ಸಲ ಬೆಂಗಳೂರಿಗೆ ಸ್ಪರ್ಧೆಗೆ ಹೋದದ್ದು ಒಂದು ಡಿಸೆಂಬರಿನಲ್ಲಿ. ಆ ವರ್ಷ ಕೋವಿ ಎಣ್ಣೆಗೆ ನಾನು ಬರೆದ ಬೇಡಿಕೆಯನ್ನು ಆಗಿನ ಸಾಹೇಬರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, "ನಿಮ್ಮ ಊರಿನಲ್ಲಿ ತೆಂಗಿಗೆ ಬರವೇ?" ಎಂದು ಪಕ್ಕದಲ್ಲಿ ಬರೆದು ಕಳಿಸಿದ್ದರು. ಹುಕುಂ ಪ್ರಕಾರ ತೆಂಗಿನೆಣ್ಣೆ ಹಾಕಿದೆವು. ಕರಾವಳಿಯಲ್ಲಿ ಅದು ವರ್ಷವಿಡೀ ನೀರಿನ ಹಾಗೆ ಇರುತ್ತದೆ. ಘಟ್ಟದ ಮೇಲಿನ ಡಿಸೆಂಬರ್ ಬೆಳಗಿನಲ್ಲಿ ಅದು ಏನಾಗುತ್ತದೆ ಎಂದು ಸಾಹೇಬರಿಗಾಗಲಿ, ಎಂದೂ ಘಟ್ಟ ಹತ್ತದಿದ್ದ ನಮಗಾಗಲಿ ಹೊಳೆಯಲಿಲ್ಲ.

ನಮ್ಮ ತಂಡದ ಹಿರಿಯ ಶೀನ ಶೆಟ್ಟರು ಮೊದಲು ನಿಂತರು. ಹಿರಿಯಡ್ಕದವರು, ದೊಡ್ಡ ಮೀಸೆ, ಇನ್ನೂ ದೊಡ್ಡ ಬಾಯಿ. ಟ್ರಿಗರ್ ಎಳೆದರು. ತೋಟೆಯ ಕೇಪಿಗೆ ಬಡಿಯಬೇಕಾದ ಕೀಲು, ನಾವು ಕುದುರೆ ಎನ್ನುವುದು, ಮಲಗಲು ಹೊರಟ ಎಮ್ಮೆಯಂತೆ ಮೆಲ್ಲಗೆ ಇಳಿದು ಸುಮ್ಮನಾಯಿತು. ಗುಂಡು ಹಾರಲಿಲ್ಲ. ಮತ್ತೆ ಎಳೆದರು. ಇಲ್ಲ. ನಾನು ಬಿಚ್ಚಿ ನೋಡಿದರೆ ಒಳಗೆಲ್ಲ ಬೆಳ್ಳಗೆ ಹೆಪ್ಪುಗಟ್ಟಿದ ಎಣ್ಣೆ.

ಶೆಟ್ಟರು ಅದನ್ನು ಮೂಸಿ ನೋಡಿದರು. "ಭೋಜ, ಎರಡು ಮೆಣಸು, ಒಂದು ಚಿಟಿಕೆ ಸಾಸಿವೆ ತಾ ಮಾರಾಯ. ಒಗ್ಗರಣೆ ಕೊಟ್ಟೇ ಬಿಡುವ."

ಎರಡನೆಯ ಸುತ್ತಿಗೆ ಮುಂಚೆ ನಾಲ್ಕು ಜನ ಖಾಲಿ ರಿವಾಲ್ವರುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಿಸಿಲಿಗೆ ಬೆನ್ನು ಹಾಕಿ ಕೂತರು. ಬೇರೆ ತಂಡದವರು ಬಂದು ನೋಡಿ ಹೋದರು. ಕೊನೆಯ ಸ್ಥಾನ ನಮ್ಮದು. ವರದಿಯಲ್ಲಿ "ಆರ್ಮರರನ ಅಜಾಗರೂಕತೆಯಿಂದ" ಎಂದು ಬರೆದಿತ್ತು. ಕೆಂಪು ಶಾಯಿಯ ಆ ಬೇಡಿಕೆ ಪತ್ರವನ್ನು ನಾನು ತೋರಿಸಿದಾಗ, "ಇದೆಲ್ಲ ಇಟ್ಟುಕೊಳ್ಳುತ್ತೀಯಾ?" ಎಂದು ಸಾಹೇಬರು ಅದನ್ನು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು. ಹುಡುಗರೇ, ಎಣ್ಣೆಯ ಬಗ್ಗೆ ನಾನು ಹೇಳುವುದೆಲ್ಲ ಇದರಲ್ಲೇ ಬಂತು.

ಅರವತ್ತರ ಹೊತ್ತಿಗೆ ಪದ್ಧತಿ ಬದಲಾಯಿತು. ದುಂಡು ಗುರಿಹಲಗೆ ಹೋಗಿ ಮನುಷ್ಯಾಕಾರದ ಹಲಗೆ ಬಂತು. ರಿವಾಲ್ವರ್ ಹೋಲ್ಸ್ಟರಿನಲ್ಲಿ ಇರಬೇಕು. ಸೀಟಿ ಊದಿದ ಮೇಲೆ ಎಳೆದು, ಎರಡು ಕೈಯಲ್ಲಿ ಹಿಡಿದು ಹತ್ತಿರದ ಹಲಗೆಗೆ ಆರು ಗುಂಡು. ಮತ್ತೆ ತೋಟೆ ತುಂಬಿ, ಓಡಿ, ಮರದ ತಡಿಕೆಯ ಮರೆಯಿಂದ ದೂರದ ಹಲಗೆಗೆ ಇನ್ನಾರು. ಎಲ್ಲವೂ ಗೊತ್ತುಪಡಿಸಿದ ಸಮಯದೊಳಗೆ. ಎರಡನೆಯ ಸೀಟಿ ಊದಿದಾಗ ಒಳಗೆ ಉಳಿದ ಗುಂಡು ಉಳಿದದ್ದೇ. ಇದನ್ನು ನಾವು "ಪ್ರಾಕ್ಟಿಕಲ್" ಎನ್ನುತ್ತಿದ್ದೆವು.

"ಎರಡು ಕೈಯಲ್ಲಿ ಹಿಡಿಯಲಿಕ್ಕೆ ಇದೆಂತ, ಬಾವಿಯ ಹಗ್ಗವಾ?" ಎಂದರು ಶೀನ ಶೆಟ್ಟರು. ಒಂದು ತಿಂಗಳ ಮೇಲೆ ಅವರೇ ಉಳಿದವರಿಗೆ ಕಲಿಸುತ್ತಿದ್ದರು.

ನನ್ನ ಕೆಲಸವೂ ಬದಲಾಯಿತು. ಮೊದಲು ಮುರಿದದ್ದನ್ನು ಸರಿಮಾಡುತ್ತಿದ್ದವನು ಈಗ ಸರಿಯಾಗಿರುವುದನ್ನು ಒಬ್ಬನ ಕೈಗೆ ಹೊಂದಿಸಬೇಕಾಯಿತು. ಸ್ಪ್ರಿಂಗನ್ನು ಸಾಣೆಕಲ್ಲಿನಲ್ಲಿ ಉದ್ದುದ್ದಕ್ಕೆ ತಿಕ್ಕಬೇಕು, ಅಡ್ಡ ತಿಕ್ಕಿದರೆ ಆ ಗೀರಿನಲ್ಲೇ ಒಂದು ದಿನ ತುಂಡಾಗುತ್ತದೆ. ಹಗುರ ಮಾಡುತ್ತ ಹೋದರೆ ಟ್ರಿಗರ್ ಬೆಣ್ಣೆಯ ಹಾಗಾಗುತ್ತದೆ, ಆದರೆ ಕೇಪು ಗಟ್ಟಿಯಿರುವ ತೋಟೆ ಬಂದರೆ ಕುದುರೆಯ ಪೆಟ್ಟು ಸಾಲುವುದಿಲ್ಲ. ಅದಕ್ಕೇ ಪ್ರತಿ ಪೆಟ್ಟಿಗೆಯಿಂದ ಕೆಲವು ಹೊಡೆದು, ಹುಸಿಯಾದದ್ದಕ್ಕೆ ಗೀಟು ಹಾಕಿ, ಒಂದೇ ಒಂದು ಹುಸಿ ಬಿದ್ದರೂ ದಪ್ಪ ಸ್ಪ್ರಿಂಗಿಗೆ ಹಿಂತಿರುಗುತ್ತಿದ್ದೆ. ಹಿಡಿಯ ಮರವನ್ನು ಅವರವರ ಅಂಗೈ ನೋಡಿ ಅರದಿಂದ ತಿಕ್ಕಿ ಕೊಡುತ್ತಿದ್ದೆ. ನಳಿಗೆಯ ತುದಿಯಲ್ಲಿ ಗುರಿ ನೋಡುವ ಕಡ್ಡಿ ಬಿಸಿಲಿಗೆ ಹೊಳೆಯದಂತೆ ಕರ್ಪೂರ ಹಚ್ಚಿ ಅದರ ಮಸಿ ಹಿಡಿಸುತ್ತಿದ್ದೆ. ಕಾಪುವಿನಲ್ಲಿ ಕಡಲ ಕಾವಲಿಗಿದ್ದವರ ರಿವಾಲ್ವರ್ ಮಾತ್ರ ನನಗೆ ಪ್ರತಿ ವಾರದ ಜಗಳ. ಅಲ್ಲಿಯ ಉಪ್ಪುಗಾಳಿಗೆ ಉಕ್ಕು ಸಂಜೆ ಒರೆಸಿದರೆ ಬೆಳಿಗ್ಗೆ ಕೆಂಪಾಗುತ್ತಿತ್ತು.

ಹಾಗೆ ಕಾಪುವಿನಿಂದ ಬರುತ್ತಿದ್ದ ರಿವಾಲ್ವರುಗಳಲ್ಲಿ ಒಂದರಲ್ಲಿ ಮಾತ್ರ ತುಕ್ಕಿನ ಚುಕ್ಕೆಯೂ ಇರುತ್ತಿರಲಿಲ್ಲ. ಅದು ಬೆನೆಡಿಕ್ಟ್‌ನದ್ದು. ಸಂತೆಕಟ್ಟೆಯ ಕಡೆಯ ಕೊಂಕಣಿ ಕ್ರೈಸ್ತರ ಮನೆಯವನು, ನಮ್ಮ ಬಾಯಲ್ಲಿ ಬೆನ್ನಿ, ತಮಾಷೆಗೆ ಶೆಟ್ಟರ ಬಾಯಲ್ಲಿ ಪೊರ್ಬು. ಮಾತು ಕಡಿಮೆ. ಅವನ ಕೈಗೆ ಕೊಟ್ಟ ರಿವಾಲ್ವರ್ ತಾನಾಗಿ ಗುರಿ ಹುಡುಕುತ್ತದೋ ಎನ್ನಿಸುತ್ತಿತ್ತು. ಅಂಥವನು ನನ್ನ ಕೆಲಸದ ಅವಧಿಯಲ್ಲಿ ಇನ್ನೊಬ್ಬ ಬರಲಿಲ್ಲ.

ಅವನಿಗೊಂದು ಹೆಣ್ಣುಮಗು. ಹುಟ್ಟುವಾಗಲೇ ಎರಡೂ ಪಾದ ಒಳಕ್ಕೆ ತಿರುಚಿದ್ದವು. ಹೆಂಡತಿ ಲಿಲ್ಲಿ ಕಾರ್ಕಳದಲ್ಲಿ ತನ್ನ ಅಣ್ಣನ ಮನೆಯ ಪಕ್ಕದ ಕೋಣೆಯಲ್ಲಿದ್ದಳು. ಹದಿನೈದು ದಿನಕ್ಕೊಮ್ಮೆ ಬೆನ್ನಿ ಮಗುವನ್ನು ಎತ್ತಿಕೊಂಡು ಮಣಿಪಾಲದ ಆಸ್ಪತ್ರೆಗೆ ಬಸ್ಸಿನಲ್ಲಿ ಬರುತ್ತಿದ್ದ. ಅಲ್ಲಿ ಪಾದವನ್ನು ಸ್ವಲ್ಪ ನೇರಕ್ಕೆ ಒತ್ತಿ ಹೊಸ ಪ್ಲಾಸ್ಟರ್ ಹಾಕುತ್ತಿದ್ದರು. ವಾಪಸು ಹೋಗುವಾಗ ಹಿರಿಯಡ್ಕದಲ್ಲಿ ಇಳಿದು, ಕೋರೆಯ ಅಂಚಿನ ಹೋಟೆಲಿನಲ್ಲಿ ಮಗುವನ್ನು ಕೂರಿಸಿ ಅಭ್ಯಾಸಕ್ಕೆ ಬರುತ್ತಿದ್ದ. ಗುಂಡಿನ ಸದ್ದಿಗೆ ಮಗು ಹೆದರುತ್ತಿರಲಿಲ್ಲ, ಚಪ್ಪಾಳೆ ತಟ್ಟುತ್ತಿತ್ತು.

"ಎಷ್ಟು ಸಮಯ ಹೀಗೆ?" ಎಂದು ಒಮ್ಮೆ ಕೇಳಿದೆ.

"ಡಾಕ್ಟರು ಇನ್ನೂ ಒಂದು ವರ್ಷ ಹೇಳಿದ್ದಾರೆ ಭೋಜಣ್ಣ. ನಡುವೆ ಬಿಟ್ಟರೆ ಪಾದ ಮೊದಲಿನ ಹಾಗೆ ತಿರುಗಿ ಹೋಗ್ತದಂತೆ. ಆಮೇಲೆ ಮಾಡಿಯೂ ಪ್ರಯೋಜನ ಇಲ್ಲವಂತೆ."

ಇದಾಗಿ ಸ್ವಲ್ಪ ದಿನಕ್ಕೆ ಅವನಿಗೆ ರಾಯಚೂರಿಗೆ ವರ್ಗದ ಆದೇಶ ಬಂತು. ಲಿಲ್ಲಿ ಆಗ ಎರಡನೆಯ ಬಸುರಿ. ಪ್ಲಾಸ್ಟರಿನ ಮಗು ಕಲ್ಲಿನಷ್ಟು ಭಾರ. ಅದನ್ನು ಎತ್ತಿಕೊಂಡು ಆ ಬಸ್ಸಿನಲ್ಲಿ ಅವಳೊಬ್ಬಳೇ ಬರುವಂತಿರಲಿಲ್ಲ. ಅಣ್ಣನಿಗೆ ಅವನದೇ ಕೆಲಸ, ಅವನದೇ ಮಕ್ಕಳು. ಬೆನ್ನಿ ಸಾಹೇಬರ ಮುಂದೆ ಹೋಗಿ ನಿಂತ. ನಾನೂ ಜೊತೆಗಿದ್ದೆ.

ಈ ಸಾಹೇಬರು ತೆಂಗಿನೆಣ್ಣೆಯವರಲ್ಲ, ಅವರ ನಂತರದವರು, ಮೈಸೂರು ಕಡೆಯವರು. ಕೆಟ್ಟವರೆಂದು ಬರೆದರೆ ಸುಳ್ಳಾಗುತ್ತದೆ. ಒಂದು ಎಳನೀರನ್ನೂ ಯಾರಿಂದಲೂ ಮುಟ್ಟಿದವರಲ್ಲ. ಅವರು ಹೇಳಿದ್ದು: "ನೋಡಯ್ಯ, ಜನವರೀಲಿ ಸ್ಪರ್ಧೆ ಇದೆ. ಅಲ್ಲೀವರೆಗೂ ಇವನು ತಂಡಕ್ಕೆ ಬೇಕು ಅಂತ ತಡೆ ಹಿಡೀತೀನಿ. ಪದಕ ತಗೊಂಡು ಬಾ, ಇವನು ಇಲ್ಲೇ ಇರಬೇಕು ಅಂತ ನಾನೇ ಮೇಲಕ್ಕೆ ಬರೀತೀನಿ. ಬರಿಗೈಲಿ ಬಂದ್ರೆ ಏನಂತ ಬರೀಲಿ?"

ಹೀಗೆ ಒಂದು ಮಗುವಿನ ಪಾದ ಒಂದು ಪದಕಕ್ಕೆ ಬಂದು ನಿಂತಿತು.

ಈ ಸಾಹೇಬರಿಗೆ ಒಂದು ವ್ಯಾಧಿ ಇತ್ತು. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಕವಚವನ್ನು ನಾವು ಖಾಲಿ ತೋಟೆ ಎನ್ನುತ್ತೇವೆ. ಎಷ್ಟು ಹೊಡೆದೆವೋ ಅಷ್ಟು ಖಾಲಿಯನ್ನು ಉಗ್ರಾಣಕ್ಕೆ ಹಿಂತಿರುಗಿಸಬೇಕು, ಅದು ಎಲ್ಲ ಕಡೆಯ ನಿಯಮ. ಅವರು ಹಿಂದೆ ಇದ್ದ ಠಾಣೆಯಲ್ಲಿ ಒಂದೇ ಒಂದು ಖಾಲಿ ಕಳೆದು, ಅದರ ವಿಚಾರಣೆ ವರ್ಷಗಟ್ಟಲೆ ನಡೆದು, ಅವರ ಬಡ್ತಿ ನಿಂತಿತ್ತಂತೆ. ಅಲ್ಲಿಂದ ಬಂದವರಿಗೆ ನಮ್ಮ ಕೋರೆಯ ಬಿರುಕುಗಳನ್ನು ಕಂಡಾಗ ಎದೆ ಒಡೆದಿರಬೇಕು. ನಮ್ಮ ರಿವಾಲ್ವರುಗಳು ನಡುವೆ ಬಗ್ಗಿಸಿ ತೆರೆಯುವ ಮಾದರಿಯವು. ಬಗ್ಗಿಸಿದೊಡನೆ ಆರೂ ಖಾಲಿಗಳು ಒಟ್ಟಿಗೆ ಹಾರಿ ಬೀಳುತ್ತವೆ. ಬಿದ್ದವು ಕಲ್ಲಿನ ಸಂದಿಗೆ ಉರುಳಿದರೆ ಹುಡುಕಲು ಇಡೀ ತಂಡ ಮಂಡಿಯೂರಬೇಕು.

ಆದ್ದರಿಂದ ಅವರೊಂದು ಕ್ರಮ ತಂದರು. ರಿವಾಲ್ವರನ್ನು ಅಂಗೈ ಕಡೆ ವಾಲಿಸಿ ಬಗ್ಗಿಸಬೇಕು, ಆರೂ ಖಾಲಿಯನ್ನು ಎಡಗೈಯಲ್ಲಿ ಹಿಡಿಯಬೇಕು, ಎಡ ಜೇಬಿಗೆ ಹಾಕಬೇಕು, ಆಮೇಲೆ ಹೊಸ ತೋಟೆ ತುಂಬಬೇಕು. ಯಾರೇ ರಿವಾಲ್ವರ್ ಬಗ್ಗಿಸಲಿ, ಹಿಂದಿನಿಂದ "ಖಾಲಿ! ಖಾಲಿ!" ಎಂಬ ಅವರ ಕೂಗು ಬಂದೇ ಬರುತ್ತಿತ್ತು. ಕೆಳಗೆ ಒಂದು ಬಿದ್ದರೆ ಅದನ್ನು ಎತ್ತಿಕೊಂಡ ಮೇಲೆಯೇ ಮುಂದಿನ ಗುಂಡು. ಎರಡು ಹಂಗಾಮು ಹೀಗೆ ನಡೆಯಿತು. ಶೀನ ಶೆಟ್ಟರು ಒಮ್ಮೆ ಊಟಕ್ಕೆ ಕೂತಾಗ ಯಾರೋ ತಮಾಷೆಗೆ "ಖಾಲಿ!" ಎಂದರೆ ಅವರ ಎಡಗೈ ತಟ್ಟೆ ಬಿಟ್ಟು ಜೇಬಿಗೆ ಹೋಯಿತು. ಎಲ್ಲರೂ ನಕ್ಕರು. ನಾನು ದಿನಚರಿಯಲ್ಲಿ ಬರೆದೆ, ನಗಲಿಲ್ಲ.

ಸ್ಟಾಪ್‌ವಾಚ್ ಹಿಡಿದು ನೋಡಿದರೆ ಖಾಲಿಯನ್ನು ಜೇಬಿಗೆ ಹಾಕುವ ಹೊತ್ತಿನಲ್ಲಿ ಬೆನ್ನಿ ಇನ್ನೆರಡು ಗುಂಡು ಹೊಡೆಯಬಹುದಿತ್ತು. ಆ ಪಟ್ಟಿ ಹಿಡಿದು ಸಾಹೇಬರ ಹತ್ತಿರ ಹೋದೆ.

"ಸಾರ್, ಸ್ಪರ್ಧೆಯಲ್ಲಿ ಖಾಲಿಯನ್ನು ಕೆಳಗೆ ಬಿಡಬಹುದು. ಬೇರೆಯವರೆಲ್ಲ ಬಿಡ್ತಾರೆ. ಇಲ್ಲಿಯೂ ಹಾಗೇ ಅಭ್ಯಾಸ ಮಾಡಿಸುವ. ಗೋಣಿ ಹಾಸಿದರೆ ಒಂದೂ ಕಳೆಯುವುದಿಲ್ಲ."

"ಗೋಣಿಯಿಂದ ಆಚೆ ಹಾರಿದ್ರೆ?"

"ಹುಡುಕಿ ಕೊಡ್ತೇನೆ ಸಾರ್."

"ನೀನು ಹುಡುಕಿ ಕೊಡ್ತೀಯ, ಸಿಗದೇ ಇದ್ರೆ ಉತ್ತರ ಬರೆಯೋನು ನಾನು. ಬೆಂಗಳೂರಿಗೆ ಹೋದ್ಮೇಲೆ ಬೇಕಾದ್ರೆ ಬಿಡ್ಲಿ. ಅಲ್ಲಿಯ ಖಾಲಿ ಅವರ ಲೆಕ್ಕ, ಇಲ್ಲಿಯ ಖಾಲಿ ನನ್ನ ಲೆಕ್ಕ."

"ಇಲ್ಲಿ ಅಲ್ಲಿ ಎಂಬುದು ಕೈಗೆ ಗೊತ್ತಾಗುವುದಿಲ್ಲ ಸಾರ್."

"ತಲೆಗೆ ಗೊತ್ತಾದ್ರೆ ಸಾಕು. ಹೋಗು."

ಡಿಸೆಂಬರಿನಲ್ಲಿ ಮಗಳ ಮದುವೆಗೆಂದು ಸಾಹೇಬರು ರಜೆ ಹಾಕಿದರು. ಬದಲಿಗೆ ನೋಡಿಕೊಳ್ಳುತ್ತಿದ್ದವರು "ನನಗೆ ಎಣಿಸಿ ಕೊಟ್ಟರಾಯ್ತು, ಎಂತ ಬೇಕಾದ್ರೂ ಮಾಡಿ" ಎಂದರು. ನಾನು ಗೋಣಿಗಳನ್ನು ಹೊಲಿದು ಕೋರೆಯಲ್ಲಿ ಹಾಸಿದೆ. ಬೆನ್ನಿಗೆ ಹೇಳಿದ್ದು ಇಷ್ಟೇ: ಬಗ್ಗಿಸು, ಬೀಳಲು ಬಿಡು, ನೋಡಬೇಡ, ಕೈ ನೇರ ಸೊಂಟದ ತೋಟೆಚೀಲಕ್ಕೆ ಹೋಗಲಿ.

ಹೋಗಲಿಲ್ಲ. ಬರಿಗೈ ಜೇಬಿಗೆ ಹೋಗಿ, ಅಲ್ಲಿ ಏನೂ ಹಾಕದೆ, ಮತ್ತೆ ತೋಟೆಚೀಲಕ್ಕೆ ಬರುತ್ತಿತ್ತು. ಅವನಿಗೆ ಅದು ಗೊತ್ತೂ ಆಗುತ್ತಿರಲಿಲ್ಲ. "ಹೋಯ್ತಾ ಭೋಜಣ್ಣ? ಪುನಃ ಹೋಯ್ತಾ?" ಎಂದು ನನ್ನನ್ನೇ ಕೇಳುತ್ತಿದ್ದ. ಒಂದು ವಾರ ಹೀಗಾದ ಮೇಲೆ ಶೀನ ಶೆಟ್ಟರು ಹೋಟೆಲಿನಿಂದ ಸೂಜಿದಾರ ತಂದರು.

"ಪೊರ್ಬುಗಳೇ, ಪ್ಯಾಂಟು ಬಿಚ್ಚಿ."

"ಎಂತಕ್ಕೆ?"

"ಬಾಗಿಲು ಮುಚ್ಚಿದ ಮನೆಗೆ ನೆಂಟ ಎಷ್ಟು ದಿನ ಬರ್ತಾನೆ, ನೋಡುವ."

ಕೋರೆಯ ಕಲ್ಲಿನ ಮೇಲೆ ಕೂತು ಅವನ ಎಡ ಜೇಬಿನ ಬಾಯಿಯನ್ನು ಅವರೇ ಹೊಲಿದರು. ಕೈ ಬಂದು ಹೊಲಿಗೆಗೆ ತಾಗಿ ವಾಪಸಾಗತೊಡಗಿತು. ಕ್ರಮೇಣ ಅರ್ಧ ದಾರಿಯಲ್ಲೇ ನಿಂತು ತಿರುಗಿತು. ತಿಂಗಳು ಮುಗಿಯುವಾಗ ನೇರ ತೋಟೆಚೀಲಕ್ಕೆ ಹೋಗತೊಡಗಿತು. ಕೊನೆಯ ಅಭ್ಯಾಸದ ದಿನ ಬೆನ್ನಿ ಹನ್ನೆರಡನ್ನೂ ಹೊಡೆದು, ಸೀಟಿಗೆ ಮುಂಚೆ ರಿವಾಲ್ವರ್ ಇಳಿಸಿ ನಿಂತಿದ್ದ. ಆ ದಿನದ ಪುಟದಲ್ಲಿ ಹುಸಿ ಗುಂಡಿನ ಗೀಟು ಒಂದೂ ಇಲ್ಲ. ಗೋಣಿಯ ಮೇಲಿನ ಖಾಲಿಗಳೂ ಸರಿಯಾಗಿ ಸಿಕ್ಕಿದವು. ಮಗು ಹೋಟೆಲಿನ ಬೆಂಚಿನಲ್ಲಿ ಕೂತು ಚಪ್ಪಾಳೆ ತಟ್ಟಿತು.

ಸಾಹೇಬರು ನೇರ ಬೆಂಗಳೂರಿಗೇ ಬಂದು ನಮ್ಮನ್ನು ಸೇರಿಕೊಂಡರು. ಅಭ್ಯಾಸ ಹೇಗಾಯಿತು ಎಂದು ಕೇಳಿದರು. ಖಾಲಿ ಬಿಡುವುದನ್ನು ರೂಢಿ ಮಾಡಿಸಿದ್ದೇನೆ ಎಂದೆ. "ಲೆಕ್ಕ ಸರಿ ಇದೆಯಲ್ಲ?" ಎಂದರು. ಇದೆ ಎಂದೆ. "ಸರಿ ಬಿಡು, ಒಳ್ಳೆಯದಾಗ್ಲಿ" ಎಂದು ಬೆನ್ನಿಯ ಹೆಗಲು ತಟ್ಟಿದರು. ಮನಸ್ಸಿನಿಂದಲೇ ಹೇಳಿದರು ಎಂದು ಈಗಲೂ ನಂಬುತ್ತೇನೆ.

ಸ್ಪರ್ಧೆಯಲ್ಲಿ ಎರಡು ಸರದಿ. ಮೊದಲನೆಯದರಲ್ಲಿ ಬೆನ್ನಿಗಿಂತ ಮೇಲೆ ಒಬ್ಬನೇ ಇದ್ದ. ಎರಡನೆಯದಕ್ಕೆ ನಿಂತಾಗ ಅಂಕಣದ ಹಿಂದೆ ಕಟ್ಟಿದ ಹಗ್ಗದ ಈಚೆ ನಾವೆಲ್ಲ ಇದ್ದೆವು; ಸಾಹೇಬರು ನನ್ನ ಬಲಕ್ಕೆ, ಒಂದು ಮಾರು ದೂರದಲ್ಲಿ.

ಸೀಟಿ ಊದಿತು. ರಿವಾಲ್ವರ್ ಹೊರಬಂದದ್ದು ಕಾಣಿಸಲಿಲ್ಲ, ಸದ್ದು ಮಾತ್ರ ಕೇಳಿಸಿತು. ಆರು ಗುಂಡು, ಆರೂ ಎದೆಯ ನಡುವೆ. ಅವನು ಬಗ್ಗಿಸಿದ. ಖಾಲಿಗಳು ಬಿಸಿಲಿನಲ್ಲಿ ಹೊಳೆಯುತ್ತ ಹಾರಿ ಕೆಳಗೆ ಬಿದ್ದವು. ಎಡಗೈ ನೇರ ತೋಟೆಚೀಲಕ್ಕೆ ಹೋಯಿತು. ಗೆದ್ದೆವು ಎಂದುಕೊಂಡೆ.

"ಖಾಲಿ! ಖಾಲಿ!"

ಬೆನ್ನಿಯ ಕೈ ತೋಟೆಚೀಲ ಬಿಟ್ಟಿತು. ಅವನು ಬಗ್ಗಿದ. ಒಂದು ಖಾಲಿ ಎತ್ತಿದ, ಎರಡನೆಯದು, ಮೂರನೆಯದು. ಶೀನ ಶೆಟ್ಟರು "ಬಿಡಾ ಬೆನ್ನಿ!" ಎಂದು ಅರಚುವಷ್ಟರಲ್ಲಿ ಅವನಿಗೇ ಎಚ್ಚರವಾಗಿ, ಕೈಯಲ್ಲಿದ್ದದ್ದನ್ನು ಎಸೆದು, ತೋಟೆ ತುಂಬಿ ತಡಿಕೆಗೆ ಓಡಿದ. ಎರಡು ಗುಂಡು ಹೊಡೆಯುವಾಗ ಕೊನೆಯ ಸೀಟಿ ಊದಿತು. ನಾಲ್ಕು ಒಳಗೇ ಉಳಿದವು.

ಅಲ್ಲಿಯ ತೀರ್ಪುಗಾರರು ಸೈನ್ಯದಿಂದ ನಿವೃತ್ತರಾದ ಒಬ್ಬ ಮುದುಕರು. ಅವರೇ ನಮ್ಮ ಕಡೆ ನಡೆದು ಬಂದರು. ನಿಯಮ ನೇರವಾಗಿತ್ತು: ಹಿಂದಿನಿಂದ ಯಾರಾದರೂ ಕೂಗಿ ಸ್ಪರ್ಧಿಗೆ ಅಡ್ಡಿಯಾದರೆ ಆ ಸರದಿಯನ್ನು ಮತ್ತೊಮ್ಮೆ ಹೊಡೆಯಲು ಕೊಡಬಹುದು. ತಂಡದ ಮುಖ್ಯಸ್ಥರೋ, ಸ್ಪರ್ಧಿಯೋ ಹೌದು ಎಂದರೆ ಸಾಕು.

"ಏನೋ ಕೂಗಿದ್ದು ಕೇಳಿಸಿತು. ನಿಮ್ಮವರು ಯಾರಾದರೂ ಕೂಗಿದರೇ?" ಎಂದು ಸಾಹೇಬರನ್ನು ಕೇಳಿದರು. ಪಕ್ಕದ ತಂಡಗಳ ಅಧಿಕಾರಿಗಳೆಲ್ಲ ಇತ್ತ ತಿರುಗಿದ್ದರು.

"ಇಲ್ಲ. ನಮ್ಮವರಲ್ಲಿ ಆ ಶಿಸ್ತು ಇದೆ" ಎಂದರು ಸಾಹೇಬರು. "ಅವನು ಬಗ್ಗಿದಾಗ ಒಬ್ಬ ಹೆಸರು ಹಿಡಿದು ಕರ್ದ, ಅಷ್ಟೆ."

"ಅದಕ್ಕೆ ಮುಂಚೆ ಕೂಗಿದ್ದು ನನಗೆ ಕೇಳಿಸಿದೆ ಸಾರ್" ಎಂದೆ ನಾನು. "ಖಾಲಿ ಎಂದು ಕೂಗಿದ್ದು."

"ಇವರು ಯಾರು?"

"ನಮ್ಮ ಆರ್ಮರರ್" ಎಂದರು ಸಾಹೇಬರು. "ಗುಂಡಿನ ಸದ್ದಿಗೆ ಕಿವಿ ಹೋಗಿದೆ ಪಾಪ, ಏನೇನೋ ಕೇಳಿಸತ್ತೆ." ಕೆಲವರು ನಕ್ಕರು. ಎಡಗಿವಿ ಮಂದವಾಗಿದ್ದದ್ದು ನಿಜ. ಸಾಹೇಬರು ಇದ್ದದ್ದು ಬಲಕ್ಕೆ.

ತೀರ್ಪುಗಾರರು ನಗಲಿಲ್ಲ. ಬೆನ್ನಿಯನ್ನು ಹತ್ತಿರ ಕರೆದರು. "ನೀನು ಹೇಳಪ್ಪ. ಕೂಗು ಕೇಳಿಸಿತೇ?"

ಬೆನ್ನಿ ಸಾಹೇಬರ ಮುಖ ನೋಡಿದ. ಸಾಹೇಬರು ದೂರದ ಹಲಗೆ ನೋಡುತ್ತಿದ್ದರು.

"ಇಲ್ಲ ಸಾರ್."

"ಸರಿಯಾಗಿ ಯೋಚಿಸಿ ಹೇಳು."

"ಕೇಳಿಸಲಿಲ್ಲ ಸಾರ್."

ಅವರು ಅಂಕ ಬರೆದುಕೊಂಡು ಹೋದರು. ಪದಕದ ಪಟ್ಟಿಯಲ್ಲಿ ನಮ್ಮ ಹೆಸರು ಇರಲಿಲ್ಲ.

ವಾಪಸು ಬರುವಾಗ ಬೆನ್ನಿ ನನ್ನ ಪಕ್ಕದಲ್ಲಿ ಕೂತಿದ್ದ. ಘಟ್ಟ ಇಳಿಯುವಾಗ ನಾನೇ ಕೇಳಿದೆ. "ಎಂತಕ್ಕೆ ಹಾಗೆ ಹೇಳಿದಿ ಮಾರಾಯ? ಒಂದು ಮಾತು ಹೌದು ಎಂದಿದ್ದರೆ ಪುನಃ ಹೊಡೆಯಬಹುದಿತ್ತಲ್ಲ?"

"ಹೊಡೆದು ಪದಕ ಬಂದರೂ ಮೇಲಕ್ಕೆ ಬರೆಯಬೇಕಾದವರು ಅವರೇ ಅಲ್ವಾ ಭೋಜಣ್ಣ?" ಎಂದ. "ಅಷ್ಟು ದೊಡ್ಡವರ ಎದುರು ಅವರನ್ನು ಸುಳ್ಳುಗಾರ ಮಾಡಿದರೆ ಮತ್ತೆ ಬರೀತಾರಾ? ಇವತ್ತು ನಾನು ಅವರ ಮಾನ ಉಳಿಸಿದ್ದೇನೆ. ಅದು ಅವರಿಗೆ ಗೊತ್ತುಂಟು. ಪದಕಕ್ಕಿಂತ ಅದು ದೊಡ್ಡದು."

ಅವನ ಲೆಕ್ಕದಲ್ಲಿ ತಪ್ಪು ಕಾಣಲಿಲ್ಲ ನನಗೆ. ಮನುಷ್ಯರ ವಿಷಯದಲ್ಲಿ ನಾನೂ ಆಗ ಅಷ್ಟೇ ತಿಳಿದಿದ್ದೆ.

ಉಡುಪಿಗೆ ಬಂದ ಮೇಲೆ ಬೆನ್ನಿ ಮತ್ತೆ ಸಾಹೇಬರ ಮುಂದೆ ನಿಂತ. ಅವರು ಕುರ್ಚಿ ತೋರಿಸಿ ಕೂರಿಸಿದರು, ಮಗುವಿನ ಬಗ್ಗೆ ಕೇಳಿದರು, ಚಹಾ ತರಿಸಿದರು. ಕೊನೆಗೆ, "ನೀನು ಒಳ್ಳೆ ಹುಡುಗ. ಆದ್ರೆ ಗಾಬರಿ ಬಿದ್ಬಿಟ್ಟೆ. ಪದಕ ಇಲ್ದೆ ನಾನು ಯಾವ ಮುಖ ಇಟ್ಕೊಂಡು ಬರೀಲಿ?" ಎಂದರು. ವರದಿಯಲ್ಲೂ ಅದನ್ನೇ ಬರೆದರು: ಸ್ಪರ್ಧಿ ಗಾಬರಿಗೊಂಡು ಸಮಯ ಕಳೆದುಕೊಂಡ. ಆ ವಾರವೇ ವರ್ಗಕ್ಕಿದ್ದ ತಡೆ ತೆರವಾಯಿತು.

ನಾನು ತಡೆಯಲಾರದೆ ಅವರ ಕೋಣೆಗೆ ಹೋದೆ. "ಸಾರ್, ಅಲ್ಲಿ ಕೂಗಿದ್ದು ನೀವು."

"ನಾನಾ?" ಎಂದರು. ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಾನ್ಯಾಕಯ್ಯ ಕೂಗ್ಲಿ? ಅಲ್ಲಿಯ ಖಾಲಿ ನನ್ನ ಲೆಕ್ಕವೇ ಅಲ್ವಲ್ಲ."

ಅವರ ಮುಖದಲ್ಲಿ ಕಳ್ಳತನ ಇರಲಿಲ್ಲ. ಜೇಬಿಗೆ ಹೋಗುವ ಕೈ ಬೆನ್ನಿಗೆ ಹೇಗೆ ಗೊತ್ತಾಗುತ್ತಿರಲಿಲ್ಲವೋ, ಹಾಗೆಯೇ ಬಾಯಿಂದ ಹೊರಟ ಕೂಗು ಇವರಿಗೂ ಗೊತ್ತಾಗಿರಲಿಲ್ಲವೋ ಏನೋ. ಅಥವಾ ತೀರ್ಪುಗಾರರ ಮುಂದೆ ಗೊತ್ತಿತ್ತು, ಉಡುಪಿಗೆ ಬರುವ ಹೊತ್ತಿಗೆ ಮರೆತಿತ್ತು. ಇಷ್ಟು ವರ್ಷ ಯೋಚಿಸಿಯೂ ಇತ್ಯರ್ಥವಾಗಿಲ್ಲ. ಬೇಕೆಂದೇ ಮಾಡಿದ ಮೋಸವಾಗಿದ್ದರೆ ದ್ವೇಷಿಸಿ ಹಗುರವಾಗಬಹುದಿತ್ತು.

ರಾಯಚೂರಿಗೆ ಹೊರಡುವ ಮುಂಚೆ ಬೆನ್ನಿ ರಿವಾಲ್ವರ್ ಒಪ್ಪಿಸಲು ಬಂದ. ಮೇಜಿನ ಮೇಲೆ ಇಟ್ಟ. ತುಕ್ಕಿನ ಚುಕ್ಕೆ ಇರಲಿಲ್ಲ. ಅವನ ಕೈಗೆ ಹೊಂದಿಸಿದ ಸ್ಪ್ರಿಂಗನ್ನು ತೆಗೆದು ಇಲಾಖೆಯ ದಪ್ಪ ಸ್ಪ್ರಿಂಗ್ ಹಾಕಿದೆ. ಅವನ ಅಂಗೈಗೆ ತಿಕ್ಕಿದ ಮರದ ಹಿಡಿಯನ್ನು ಬಿಚ್ಚಿದೆ. ಅವನು ನಿಂತು ನೋಡುತ್ತಿದ್ದ.

ಮಾರನೆಯ ವರ್ಷ ಸಾಹೇಬರಿಗೂ ವರ್ಗವಾಯಿತು. ಹೊಸಬರು ಬಂದು ಗೋಣಿ ಹಾಸಲು ಒಂದೇ ಮಾತಿಗೆ ಒಪ್ಪಿದರು. ತಂಡಕ್ಕೆ ಮೂರನೆಯ ಸ್ಥಾನ ಬಂತು. ಪದಕ ತಂದ ಹುಡುಗ ಬೆನ್ನಿಯ ಅರ್ಧಕ್ಕೂ ಬರುತ್ತಿರಲಿಲ್ಲ. ಶೀನ ಶೆಟ್ಟರು ಆ ಹೊತ್ತಿಗೆ ನಿವೃತ್ತರಾಗಿದ್ದರು. ಚಪ್ಪಾಳೆ ತಟ್ಟುವವರಲ್ಲಿ ನಾನೂ ಇದ್ದೆ.

ಲಿಲ್ಲಿಯನ್ನು ನಾನು ಮತ್ತೆ ಕಂಡದ್ದು ಅರವತ್ತೊಂಬತ್ತರಲ್ಲಿ, ಕಾರ್ಕಳದಿಂದ ಬರುವ ಬಸ್ಸಿನಲ್ಲಿ. ಗುರಿಹಲಗೆಯ ಮರಕ್ಕಾಗಿ ಅಲ್ಲಿಗೆ ಹೋಗಿ ಹಿಂತಿರುಗುತ್ತಿದ್ದೆ. ಅವಳು ನಡುವೆ ಎಲ್ಲೋ ಹತ್ತಿದಳು. ಹಿಂದೆ ಏಳು ವರ್ಷದ ಹುಡುಗಿ ಮೆಟ್ಟಿಲಿನ ಕಂಬಿ ಹಿಡಿದು ಒಂದೊಂದೇ ಕಾಲು ಎಳೆದು ಮೇಲೆ ಬಂತು. ಎರಡೂ ಪಾದ ಒಳಕ್ಕೆ ತಿರುಗಿದ್ದವು, ಹೊರಗಿನ ಅಂಚಿನ ಮೇಲೆ ಊರಿ ನಡೆಯುತ್ತಿತ್ತು. ನಾನು ಎದ್ದು ಜಾಗ ಕೊಟ್ಟೆ. ಲಿಲ್ಲಿ ನನ್ನ ಗುರುತು ಹಿಡಿದಳು.

"ಬೆನ್ನಿ ಹೇಗಿದ್ದಾನೆ ಲಿಲ್ಲಿಬಾಯಿ?"

"ಇದ್ದಾರೆ. ರಾಯಚೂರಲ್ಲೇ. ವರ್ಷಕ್ಕೊಮ್ಮೆ ಬರ್ತಾರೆ." ಮಗಳನ್ನು ಪಕ್ಕಕ್ಕೆ ಎಳೆದುಕೊಂಡು ಹೇಳಿದಳು: "ಚಿಕ್ಕವನು ಹುಟ್ಟಿದ ಮೇಲೆ ಮೂರು ಸಲ ಹೋದೆ ಮಣಿಪಾಲಕ್ಕೆ. ಮಳೆಗಾಲ ಬಂತು. ಒಂದು ಮಗು ಕಂಕುಳಲ್ಲಿ, ಒಂದು ಪ್ಲಾಸ್ಟರಿನಲ್ಲಿ. ಮತ್ತೆ ಆಗಲಿಲ್ಲ. ಮಳೆ ಬಿಟ್ಟ ಮೇಲೆ ಹೋದದ್ದಕ್ಕೆ ಡಾಕ್ಟರು ಬೈದರು."

ಹುಡುಗಿ ನನ್ನನ್ನೇ ನೋಡುತ್ತಿತ್ತು.

"ಅವರು ನನಗೆ ಎಲ್ಲ ಹೇಳಿದ್ದಾರೆ ಭೋಜಣ್ಣ" ಎಂದಳು ಲಿಲ್ಲಿ. "ಹಿಂದಿನಿಂದ ಆ ಸಾಹೇಬ ಕೂಗಿದನಂತೆ. ದೊಡ್ಡವರು ಬಂದು ಕೇಳುವಾಗ ನಮ್ಮ ಕಡೆಯವರು ಒಬ್ಬರೂ ಕೇಳಿಸಿತು ಅಂತ ಬಾಯಿ ಬಿಡಲಿಲ್ಲವಂತೆ. ಹೇಳಿದ್ದರೆ ಇನ್ನೊಮ್ಮೆ ಹೊಡೆಯಲಿಕ್ಕೆ ಕೊಡ್ತಿದ್ದರಂತೆ. ಸಾಹೇಬನನ್ನು ಬಿಡಿ, ಅವ ದೊಡ್ಡವ. ನೀವಾದ್ರೂ ಒಂದು ಮಾತು ಹೇಳಬಹುದಿತ್ತಲ್ಲ?"

ಬಸ್ಸು ಒಂದು ತಿರುವಿನಲ್ಲಿ ವಾಲಿತು. ನಾನು ಮೇಲಿನ ಕಂಬಿ ಹಿಡಿದುಕೊಂಡೆ. ವರ್ಷಕ್ಕೊಮ್ಮೆ ಬಂದು, ಈ ಹುಡುಗಿ ನಡೆಯುವುದನ್ನು ನೋಡಿ, ಈ ಹೆಂಗಸಿನ ಎದುರು ಕೂತು ಊಟ ಮಾಡಬೇಕಾದವನು ಬೆನ್ನಿ. ನಾನಲ್ಲ.

"ಹೌದು ಲಿಲ್ಲಿಬಾಯಿ" ಎಂದೆ. "ಹೇಳಬಹುದಿತ್ತು."